ದೋಣಿ ಮನೆಯೋ, ಪ್ರಯಾಣವೋ?

ಕೆಲಸ ಬಿಟ್ಟು, ಮನೆ ಮಾರಿ, ಒಂದು ಹಾಯಿದೋಣಿ ಕೊಂಡು ಹೆಂಡತಿ ಮಕ್ಕಳೊಂದಿಗೆ ಕಡಲಲ್ಲೇ ಸಂಸಾರ ಹೂಡುವವರು ಯುರೋಪ್, ಅಮೆರಿಕದಲ್ಲಿ ಇದ್ದಾರೆ. ಅವರ ವಿಡಿಯೊಗಳು ಈಗ ನಮ್ಮ ಮಕ್ಕಳ ಮೊಬೈಲಿನಲ್ಲೂ ಓಡುತ್ತಿವೆ. "ನಾವೂ ಹೀಗೆ ಹೋದರೆ ಹೇಗೆ?" ಅಂತ ಮಕ್ಕಳು ಕೇಳುತ್ತಾರೆ.

ರಾಣೆಬೆನ್ನೂರು ತಾಲೂಕಿನ ಹಲಗೇರಿಯಲ್ಲಿ ಕೂತ ನಮಗೆ ಕಡಲು ದೂರ. ಈ ತಾಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯೂ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುವಂಥದ್ದು. ಆದರೆ ಘಟ್ಟ ಹತ್ತಿ ಬಂದ ಮಾತ್ರಕ್ಕೆ ಬ್ಯಾರಿಗಳಿಗೆ ಕಡಲು ಮರೆತು ಹೋಗುತ್ತದೆಯೇ? ನಮ್ಮ ಹೆಸರು ವ್ಯಾಪಾರ ಎಂಬರ್ಥದ ತುಳುವಿನ 'ಬ್ಯಾರ'ದಿಂದ ಬಂತು ಎನ್ನುವವರಿದ್ದಾರೆ, ಕಡಲು ಎಂಬರ್ಥದ ಅರಬ್ಬಿಯ 'ಬಹರ್'ನಿಂದ ಬಂತು ಎನ್ನುವವರೂ ಇದ್ದಾರೆ.

ಹಡಗಿನಲ್ಲಿ ಸಂಸಾರ ಮಾಡುವುದು ಹೊಸ ಫ್ಯಾಷನ್ ಏನಲ್ಲ. 1342ರ ಸುಮಾರಿಗೆ ಈ ಕರಾವಳಿಗೆ ಬಂದ ಇಬ್ನ್ ಬತೂತ, ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಬರೆದಿದ್ದಾರೆ. ಮುಂದೆ ಕಲ್ಲಿಕೋಟೆಯಲ್ಲಿ ಅವರು 13 ಚೀನೀ ಹಡಗುಗಳನ್ನು ಕಂಡರು. ಅವುಗಳಲ್ಲಿ ಬೀಗ ಹಾಕಿಕೊಳ್ಳುವ ಕೋಣೆಗಳಿದ್ದವು. ನಾವಿಕರ ಮಕ್ಕಳು ಅಲ್ಲೇ ಇರುತ್ತಿದ್ದರು. ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರು.

ಇಬ್ನ್ ಬತೂತ ಕೂಡ ಅಂಥದ್ದೇ ಪ್ರಯಾಣಕ್ಕೆ ಸಿದ್ಧರಾಗಿದ್ದರು. ಜುಮಾ ನಮಾಝಿಗೆಂದು ದಡದಲ್ಲಿ ಉಳಿದರು. ಅಷ್ಟರಲ್ಲಿ ಬಿರುಗಾಳಿ ಎದ್ದು ದೊಡ್ಡ ಹಡಗು ಒಡೆದುಹೋಯಿತು. ಅವರ ಸಾಮಾನು ಹೇರಿದ್ದ ಚಿಕ್ಕ ಹಡಗು ಅವರನ್ನು ಬಿಟ್ಟೇ ಹೊರಟಿತು. ಕೊನೆಗೆ ಉಳಿದದ್ದು 10 ದೀನಾರ್ ಮತ್ತು ಒಂದು ಹಾಸು.

ಹಡಗಿನಲ್ಲೇ ಇರುವವರು ಮನೆಯಲ್ಲಿದ್ದಾರೋ, ಪ್ರಯಾಣದಲ್ಲಿದ್ದಾರೋ? ಈ ಪ್ರಶ್ನೆ ನಮ್ಮ ಫಿಕ್ಹ್ ವಿದ್ವಾಂಸರ ಮುಂದೆಯೂ ಬಂದಿತ್ತು. ಮುಸಾಫಿರನಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆ. ಆದರೆ ಮನೆಮಂದಿಯೊಂದಿಗೆ ಹಡಗಿನಲ್ಲೇ ನೆಲೆಸಿದ ನಾವಿಕನಿಗೆ ಅದು ಇಲ್ಲ ಎಂಬುದು ಇಮಾಮ್ ಅಹ್ಮದ್‌ರ ನಿಲುವು. ನಮ್ಮ ಶಾಫಿ ಮದ್‌ಹಬ್‌ನಲ್ಲಿ ರಿಯಾಯಿತಿ ಇದೆ, ಆದರೆ ಅಂಥವನು ಪೂರ್ತಿ ನಮಾಝ್ ಮಾಡುವುದೇ ಉತ್ತಮ. ಹೆಂಡತಿ ಮಕ್ಕಳು ಜೊತೆಗಿದ್ದರೆ ಹಡಗಿಗೂ ಮನೆಯ ಲೆಕ್ಕ ಬಂದುಬಿಡುತ್ತದೆ ಎಂದಾಯಿತು.

ನಮ್ಮ ಕರಾವಳಿಯ ಕಡಲ ಬದುಕು ಮಾತ್ರ ಬೇರೆ ಥರದ್ದು. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಅಕ್ಕಿ, ಸಿಮೆಂಟ್ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಲ್ಲಿ ಖಲಾಸಿಗಳ ಅಡುಗೆ, ನಿದ್ದೆ ಎಲ್ಲ ಅಲ್ಲೇ. ಆದರೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿ ಕಡಲಿಗಿಳಿಯುವಂತಿಲ್ಲ. ಮಳೆಗಾಲ ಬಂತೆಂದರೆ ಮನೆ ಸೇರಲೇಬೇಕು. ಆ ಮನೆಯ ರೇಷನ್, ಮಕ್ಕಳ ಶಾಲೆ, ಹಿರಿಯರ ಔಷಧಿ ನೋಡಿಕೊಳ್ಳುವವರು ದಡದಲ್ಲಿರುವ ಉಮ್ಮಂದಿರು. ಅವರಿದ್ದುದರಿಂದಲೇ ಗಂಡಸರು ನೆಮ್ಮದಿಯಾಗಿ ಕಡಲಿಗೆ ಹೋದರು.

ಹಾಗಂತ ಹೆಣ್ಣುಮಕ್ಕಳಿಗೆ ಕಡಲು ಆಗದು ಎಂದಲ್ಲ. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 17 ಮೀಟರ್ ಉದ್ದದ 'ತಾರಿಣಿ' ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು, ಜಗತ್ತು ಸುತ್ತಿ 2018ರ ಮೇ 21ರಂದು ಮರಳಿದರು. ಒಟ್ಟು 254 ದಿನ. ಹೊರಡುವ ಮೊದಲು ವರ್ಷಗಟ್ಟಲೆ ತರಬೇತಿ ಪಡೆದಿದ್ದರು. ಅವರೂ ರಿಪೇರಿ, ಆಹಾರಕ್ಕಾಗಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಮುಂತಾದ ಕಡೆ ದಡ ಮುಟ್ಟಲೇಬೇಕಾಯಿತು.

ಹಾಗಾಗಿ ಮಕ್ಕಳು ಕೇಳಿದರೆ ನಗಾಡಿ ಸುಮ್ಮನಾಗಿಸುವುದು ಬೇಡ. ಕುಡಿಯುವ ನೀರು ಎಷ್ಟು ದಿನಕ್ಕಾಗುತ್ತದೆ, ರಾತ್ರಿ ಪಹರೆಗೆ ಯಾರು ಎದ್ದಿರುತ್ತಾರೆ, ಮಳೆಗಾಲದ ನಾಲ್ಕು ತಿಂಗಳು ಎಲ್ಲಿ, ಊರಲ್ಲಿರುವ ಉಪ್ಪ ಉಮ್ಮನಿಗೆ ಜ್ವರ ಬಂದರೆ ಯಾರು? ಇಷ್ಟನ್ನು ಕೂತು ಲೆಕ್ಕ ಹಾಕಲಿ. ಹೆಂಡತಿಯ ಒಪ್ಪಿಗೆ ಮೊದಲು, ದೋಣಿಯ ಬೆಲೆ ಆಮೇಲೆ. ಲೆಕ್ಕ ಸರಿಹೊಂದಿದರೆ ಹೋಗಿ ಬರಲಿ. ಮನೆಯನ್ನು ಮಾತ್ರ ಮಾರುವುದು ಬೇಡ.