ಮಳೆ ಕಡಮೆಯಾದ ವರ್ಷದಲ್ಲಿ ಸಿಂಹಳದ್ವೀಪದ ಕೆರೆ ಬೇಸಾಯ

ಸುತ್ತಲೂ ಸಮುದ್ರವುಳ್ಳ ಸಿಂಹಳದ್ವೀಪದಲ್ಲಿ ಅನಾವೃಷ್ಟಿಯೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ದ್ವೀಪದ ನೈಋತ್ಯಭಾಗದಲ್ಲಿ ವರ್ಷಕ್ಕೆ ನೂರು ಅಂಗುಲದಷ್ಟು ಮಳೆಯಾಗುವುದೇನೋ ನಿಜ. ಆದರೆ ಬತ್ತದ ಗದ್ದೆಗಳು ಹೆಚ್ಚಾಗಿರುವುದು ಉತ್ತರ ಮತ್ತು ಪೂರ್ವದ ಒಣಸೀಮೆಯಲ್ಲಿ. ಅಲ್ಲಿ ಮಳೆಯು 70 ಅಂಗುಲಕ್ಕೂ ಕಡಮೆಯಾಗಿದ್ದು, ಅದರಲ್ಲಿ ಬಹುಪಾಲು ಹಿಂಗಾರಿನಲ್ಲಿಯೇ ಬೀಳತಕ್ಕದ್ದು. ಈ ಕಾಲದ ಬೆಳೆಗೆ ‘ಮಹ’ ಎಂದೂ, ಮುಂಗಾರಿನ ಬೆಳೆಗೆ ‘ಯಲ’ ಎಂದೂ ಹೆಸರು. ಹಿಂಗಾರು ಕೆರೆಗಳನ್ನು ತುಂಬಿಸದಿದ್ದರೆ ಎರಡು ಬೆಳೆಗಳಿಗೂ ಹಾನಿ.

2016ನೆಯ ಇಸವಿಯ ಕೊನೆಯಲ್ಲಿ ಹೀಗೆಯೇ ಆಯಿತು. ಅನೇಕ ಗದ್ದೆಗಳು ಬಿತ್ತನೆಯನ್ನೇ ಕಾಣಲಿಲ್ಲ. ಆ ವರ್ಷ ಸುಮಾರು 44 ಲಕ್ಷ ಟನ್ನುಗಳಿದ್ದ ಬತ್ತದ ಉತ್ಪತ್ತಿಯು 2017ರಲ್ಲಿ ಸುಮಾರು 24 ಲಕ್ಷಕ್ಕೆ ಇಳಿದುಹೋಯಿತು. ತೆಂಗಿನ ಫಸಲೂ ಕುಗ್ಗಿತು. ಹೊಂಬಾಳೆಯೊಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಹಿಡಿಯುವುದರಿಂದ, ಮರವು ಒಂದು ವರ್ಷದ ಬರವನ್ನು ಮುಂದಿನ ವರ್ಷದಲ್ಲಿಯೂ ತೋರಿಸುವುದು.

ಬತ್ತವಾದರೋ ಹೂ ಬಿಡುವ ಕಾಲದಲ್ಲಿ ನೀರಿಲ್ಲದಿದ್ದರೆ ಜೊಳ್ಳಾಗುತ್ತದೆ. ನಾಟಿಗೆ ಸಾಲುವಷ್ಟು ನೀರಿದ್ದು ತೆನೆಗೆ ಸಾಲದಿರುವ ಕೆರೆಯು ರೈತನಿಗೆ ಬರಿಯ ಕೆರೆಗಿಂತಲೂ ಹೆಚ್ಚು ನಷ್ಟವನ್ನುಂಟುಮಾಡುವುದು. ಬೀಜ, ಗೊಬ್ಬರ, ಕೂಲಿಗಳೆಲ್ಲವೂ ಆ ವೇಳೆಗೆ ಖರ್ಚಾಗಿರುತ್ತವೆ.

ಈ ಅಪಾಯಕ್ಕೆ ಅಲ್ಲಿನ ಹಳ್ಳಿಗರು ಪೂರ್ವದಿಂದಲೂ ಅನುಸರಿಸುತ್ತಿರುವ ಉಪಾಯಕ್ಕೆ ‘ಬೆತ್ಮ’ ಎಂದು ಹೆಸರು. ಬೆಳೆಗೆ ಮೊದಲು ಹಿಡುವಳಿದಾರರೆಲ್ಲರೂ ಸಭೆ ಸೇರಿ, ಕೆರೆಯಲ್ಲಿರುವ ನೀರು ಎಷ್ಟು ಗದ್ದೆಗೆ ಕಡೆಯವರೆಗೆ ಸಾಕಾಗುವುದೆಂದು ಗೊತ್ತುಮಾಡುವರು. ತೂಬಿಗೆ ಹತ್ತಿರವಾದ ಅಷ್ಟು ಭೂಮಿಯನ್ನು ಮಾತ್ರ ಸಾಗುವಳಿಗೆ ತೆಗೆದುಕೊಂಡು, ಅದನ್ನು ಆ ಒಂದು ಬೆಳೆಯ ಮಟ್ಟಿಗೆ ಎಲ್ಲರಿಗೂ ಹಂಚುವರು. ಕೆಳಗಿನ ಬಯಲಿನವನಿಗೂ ಅದರಲ್ಲಿ ಪಾಲುಂಟು. ಕೊಯ್ಲಾದೊಡನೆ ಗದ್ದೆಯು ಮೊದಲಿನ ಒಡೆಯನಿಗೇ ಸೇರುವುದು. ನೀರು ದೂರದ ಕಾಲುವೆಗಳಲ್ಲಿ ಇಂಗಿಹೋಗುವುದೂ ಇದರಿಂದ ತಪ್ಪುವುದು.

ಇದು ಸುಲಭವಾದ ಏರ್ಪಾಡೆಂದು ಹೇಳಲಾರೆವು. ತೂಬಿನ ಬಳಿಯ ಒಡೆಯನು ತನ್ನ ಉತ್ತಮ ಭೂಮಿಯನ್ನು ಬಿಟ್ಟುಕೊಡಬೇಕು. ಒಂದೇ ಬೆಳೆಗೆ ಬಂದವನು ಆ ಮಣ್ಣಿಗೆ ಗೊಬ್ಬರ ಹಾಕಲು ಹಿಂಜರಿಯಬಹುದು. ನಮ್ಮ ಸೀಮೆಯಲ್ಲಿ ನೀರುಗಂಟಿಯು ಸರದಿಯಂತೆ ನೀರನ್ನು ಹಂಚುತ್ತಿದ್ದನಷ್ಟೆ. ಸಿಂಹಳದವರು ಭೂಮಿಯನ್ನೇ ಹಂಚುವರು. ಗ್ರಾಮದ ಮುಖಂಡರು ಇದನ್ನು ಯೋಚಿಸುವುದಾದರೆ, ಸಸಿಮಡಿಗೆ ಬೀಜ ಚೆಲ್ಲುವುದಕ್ಕೆ ಮುಂಚೆಯೇ ಸಭೆಯನ್ನು ಕರೆಯತಕ್ಕದ್ದು. ನಾಟಿಯಾದ ಮೇಲೆ ಯಾವ ಒಡೆಯನೂ ತನ್ನ ಗದ್ದೆಯನ್ನು ಹಂಚಲು ಒಪ್ಪನು.