ತೊರೆಯ ಆರೋಗ್ಯಪರೀಕ್ಷೆ: ಮೈಸೂರಿನ ಪೂರ್ಣಯ್ಯ ನಾಲೆಯನ್ನು ಕುರಿತು

ಮೈಸೂರು ನಗರವಿರುವುದು ಏರುನೆಲದ ಮೇಲೆ. ಅಲ್ಲಿ ಸುರಿದ ಮಳೆಯ ಒಂದು ಪಾಲು ಉತ್ತರಕ್ಕೆ ಕಾವೇರಿಯ ಕಡೆಗೂ ಇನ್ನೊಂದು ಪಾಲು ದಕ್ಷಿಣಕ್ಕೆ ಕಪಿಲೆಯ ಕಡೆಗೂ ಇಳಿದುಹೋಗುತ್ತದೆ. ಆದುದರಿಂದ ಊರಿನೊಳಗೆ ನದಿಯೆಂಬುದಿಲ್ಲ. ಇರುವುವೆಲ್ಲ ಸಣ್ಣ ಹಳ್ಳಗಳು, ಕೆರೆಗೆ ನೀರೂಡುವ ಕಾಲುವೆಗಳು. ಇವುಗಳಲ್ಲಿ ಪೂರ್ಣಯ್ಯ ನಾಲೆಯ ಚರಿತ್ರೆ ವಿಲಕ್ಷಣವಾದುದು. 1799ರಿಂದ 1811ರವರೆಗೆ ರಾಜ್ಯಭಾರ ನಡೆಸಿದ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸತೊಡಗಿದ ಈ ಕಾಲುವೆ ಆ ಉದ್ದೇಶವನ್ನು ಈಡೇರಿಸಲಿಲ್ಲ. ಆದರೆ ದಾರಿಯ ಇಳಿಜಾರುಗಳ ಮಳೆನೀರನ್ನು ಕೂಡಿಸಿಕೊಂಡು, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ಅದು ನೀರೊದಗಿಸಿತು. ಮನುಷ್ಯನು ಅಗೆದ ಕಾಲುವೆ ಕಾಲಕ್ರಮದಲ್ಲಿ ತೊರೆಯ ಗುಣವನ್ನು ಪಡೆಯಿತೆಂದು ಹೇಳಬಹುದು. ಕುವೆಂಪು ಅವರು ನಿತ್ಯವೂ ತಿರುಗಾಡುತ್ತಿದ್ದ ಕೆರೆ ಇದೇ ಎಂಬುದು ವಾಚಕರಿಗೆ ವಿದಿತವೇ.

ಊರು ಬೆಳೆದಂತೆಲ್ಲ ಈ ನಾಲೆ ಹಲವೆಡೆ ಒತ್ತುವರಿಯಾಯಿತು; ಕೊಳಚೆಯೂ ಬಂದು ಸೇರಿತು. ಈಗ ಇದನ್ನು ರೋಗಿಯಾದ ತೊರೆಯೆನ್ನಬೇಕೆ, ಮೋರಿಯೆನ್ನಬೇಕೆ? ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಮೋರಿಯೆಂದು ಕರೆದುದಕ್ಕೆ ಕಲ್ಲುಚಪ್ಪಡಿ ಹೊದಿಸಿದರೆ ಕೆಲಸ ತೀರಿತು. ತೊರೆಯೆಂದರೆ ಚಿಕಿತ್ಸೆ ಮಾಡಬೇಕಾಗುತ್ತದೆ. ಚಿಕಿತ್ಸೆಗೆ ಮುಂಚೆ ಪರೀಕ್ಷೆ ಆಗತಕ್ಕದ್ದು.

ಸಾಮಾನ್ಯವಾಗಿ ನಡೆಯುವ ಪರೀಕ್ಷೆ ಸೀಸೆಯ ನೀರಿನದು. ನೀರಿನಲ್ಲಿ ಕರಗಿದ ಆಮ್ಲಜನಕವೆಷ್ಟು, ಅದರಲ್ಲಿರುವ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕವೆಷ್ಟು ಎಂಬುದನ್ನು ಅಳೆಯುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಂಗಡಣೆಯಂತೆ ಸ್ನಾನಯೋಗ್ಯವಾದ ನೀರಿನಲ್ಲಿ ಮೊದಲನೆಯದು ಲೀಟರಿಗೆ 5 ಮಿಲಿಗ್ರಾಮಿಗೆ ಕಡಮೆಯಿರಕೂಡದು, ಎರಡನೆಯದು 3 ಮಿಲಿಗ್ರಾಮನ್ನು ಮೀರಕೂಡದು. ಮೀನು ಬದುಕಲು ಆಮ್ಲಜನಕ 4 ಮಿಲಿಗ್ರಾಮಾದರೂ ಇರಬೇಕು. ಕಡೆಯ ವರ್ಗವಾದ ನೀರಾವರಿಯ ನೀರಿಗೆ ಆಮ್ಲಜನಕದ ನಿಯಮವೇ ಇಲ್ಲ. ಈ ವಿಂಗಡಣೆಯು ಮನುಷ್ಯನ ಉಪಯೋಗವನ್ನು ಹಿಡಿದು ಮಾಡಿದ್ದೇ ಹೊರತು ತೊರೆಯ ಜೀವವನ್ನು ಹಿಡಿದು ಮಾಡಿದ್ದಲ್ಲ. ಒಂದು ಮೀನೂ ಬದುಕಲಾರದ ನೀರು ಗದ್ದೆಗೆ ಯೋಗ್ಯವೆಂದು ಎಣಿಕೆಯಾಗಬಹುದು.

ಸೀಸೆಗೆ ಇನ್ನೊಂದು ದೋಷವುಂಟು. ಮೈಸೂರಿನ ಎತ್ತರದಲ್ಲಿ, 25 ಡಿಗ್ರಿ ಶಾಖದಲ್ಲಿ, ನೀರು ತಾನಾಗಿ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಮು. ಪಾಚಿ ದಟ್ಟವಾಗಿ ಬೆಳೆದ ನೀರಿನಲ್ಲಿ ನಡುಹಗಲು ಅಳೆದರೆ ಇದಕ್ಕಿಂತ ಹೆಚ್ಚೇ ಕಾಣಬಹುದು, ಏಕೆಂದರೆ ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ಇರುಳೆಲ್ಲ ಅದೇ ಪಾಚಿ ಉಸಿರಾಡಿ ಅದನ್ನು ಮುಗಿಸುವುದರಿಂದ ಮೀನುಗಳು ಬೆಳಗಿನ ಜಾವದಲ್ಲಿ ಸಾಯುತ್ತವೆ. ಕಛೇರಿಯ ವೇಳೆಯಲ್ಲಿ ತುಂಬಿದ ಸೀಸೆಗೆ ಇದು ಹೇಗೆ ತಿಳಿದೀತು?

ತಿಂಗಳುಗಟ್ಟಲೆ ಆ ನೀರಿನಲ್ಲೇ ವಾಸಮಾಡಿದ ಜೀವಿಗಳ ಸಾಕ್ಷ್ಯ ಹೆಚ್ಚು ನಂಬತಕ್ಕದ್ದು. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಈ ಮಾರ್ಗವನ್ನು ಶಾಸ್ತ್ರವಾಗಿಸಿದರು. ತಳದ ಕಲ್ಲನ್ನು ಮಗುಚಿದಾಗ ಮೇಫ್ಲೈ ಎಂಬ ಕೀಟದ ಮರಿಗಳು ಹಲವು ಬಗೆಯವು ಕಂಡರೆ ನೀರು ನಿರ್ಮಲವೆಂದು ತಿಳಿಯಬಹುದು. ಕೆಂಪು ದಾರದಂಥ ಹುಳುಗಳೂ ನೊಣದ ಜಾತಿಯ ಕೆಂಪು ಮರಿಗಳೂ ಮಾತ್ರ ಮುತ್ತಿಕೊಂಡಿದ್ದರೆ ಆಮ್ಲಜನಕ ಕುಗ್ಗಿದೆಯೆಂದರ್ಥ. ನಮ್ಮ ರಕ್ತದಲ್ಲಿರುವ ಬಗೆಯದೇ ಒಂದು ದ್ರವ್ಯ ಅವುಗಳಲ್ಲಿರುವುದರಿಂದ ಇದ್ದಷ್ಟನ್ನೇ ಹೀರಿ ಅವು ಬದುಕಬಲ್ಲವು. ಬ್ರಿಟನ್ನಿನಲ್ಲಿ 1976ರಲ್ಲಿ ಏರ್ಪಟ್ಟ ಮಂಡಲಿಯೊಂದು ಕೀಟಕುಟುಂಬಗಳಿಗೆ 1ರಿಂದ 10ರವರೆಗೆ ಅಂಕಗಳನ್ನು ಗೊತ್ತುಮಾಡಿತು. ಬಂದ ಅಂಕಗಳನ್ನು ಕೂಡಿಸಿ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆ. ಆದರೆ ಆ ಪಟ್ಟಿಯನ್ನು ಇದ್ದಂತೆಯೇ ಮೈಸೂರಿಗೆ ತಂದರೆ ಭಾಮಿನಿ ಷಟ್ಪದಿಗೆ ಅಕ್ಷರಗಣದಿಂದ ಪ್ರಸ್ತಾರ ಹಾಕಿದಂತಾದೀತು. ಸದಾ ತಣ್ಣಗೆ ಹರಿಯುವ ತೊರೆಗಳಿಗೆ ಮಾಡಿದ ಅಳತೆ ಅದು. ನಮ್ಮವಾದರೋ ಮಳೆಗಾಲದ ಹಳ್ಳಗಳು.

ನಮ್ಮ ಪರೀಕ್ಷಕರು ಬಹುಮಟ್ಟಿಗೆ ಕಡೆಗಣಿಸುವ ಅಂಶವೂ ಇಲ್ಲೇ ಇದೆ. ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಸಣ್ಣ ಹಳ್ಳವು ಬೇಸಗೆಯಲ್ಲಿ ಬತ್ತುವುದು ಸಹಜಧರ್ಮ. ಬತ್ತಿದ ಹಳ್ಳ ಸತ್ತ ಹಳ್ಳವಲ್ಲ. ಅದರ ಮಣ್ಣಿನಲ್ಲಿ ಮೊಟ್ಟೆಗಳೂ ಬೀಜಗಳೂ ಮಳೆಗಾಗಿ ಕಾದಿರುತ್ತವೆ. ಮಾರ್ಚಿಯಲ್ಲಿಯೂ ತುಂಬಿ ಹರಿಯುತ್ತಿದ್ದರೆ ಅದನ್ನು ಕಂಡು ಸಂತೋಷಪಡುವುದಕ್ಕೆ ಬದಲಾಗಿ ಆ ನೀರು ಎಲ್ಲಿಯದೆಂದು ಕೇಳಬೇಕು. ಹತ್ತೊಂಬತ್ತನೆಯ ಶತಮಾನದ ಕಡೆಯಿಂದ ಮೈಸೂರು ಕುಡಿಯುತ್ತಿರುವುದು ಯಂತ್ರದಿಂದ ಮೇಲೆತ್ತಿ ತಂದ ಕಾವೇರಿಯ ನೀರು. ಮನೆಗಳಲ್ಲಿ ಬಳಸಿ ಬಿಟ್ಟ ಆ ನೀರು ಒಳಚರಂಡಿಯನ್ನು ತಪ್ಪಿಸಿಕೊಂಡು ಹಳ್ಳ ಸೇರಿದಾಗ ಹಳ್ಳವು ವರ್ಷವಿಡೀ ಹರಿಯತೊಡಗುತ್ತದೆ. ಪೂರ್ಣಯ್ಯನವರು ತರಬೇಕೆಂದಿದ್ದ ಕಾವೇರಿ ಅವರ ನಾಲೆಗೆ ಹೀಗೆ ಬಂದು ಸೇರಿತೆನ್ನಬಹುದು.

ಆದಕಾರಣ ಈ ನಾಲೆಯನ್ನು ಪರೀಕ್ಷಿಸುವವರು ಅಕ್ಟೋಬರಿನ ಮಳೆ ನಿಂತ ಮೇಲೊಮ್ಮೆ, ಮೇ ತಿಂಗಳ ಮಳೆಗೆ ಮೊದಲೊಮ್ಮೆ, ಬಡಾವಣೆಗಳ ಮೇಲುಗಡೆಯಲ್ಲಿಯೂ ಕೆರೆಯ ಬಾಯಲ್ಲಿಯೂ ನೋಡತಕ್ಕದ್ದು. ಮೇಲುಗಡೆ ಬತ್ತಿದ್ದು ಕೆಳಗಡೆ ಹರಿಯುತ್ತಿದ್ದರೆ, ಆ ಎರಡು ಸ್ಥಳಗಳ ನಡುವೆ ದಡವನ್ನು ಹಿಡಿದು ನಡೆಯುತ್ತ ಬಂದು ಸೇರುವ ಒಂದೊಂದು ಕೊಳವೆಯನ್ನೂ ಗುರುತುಹಾಕಿಕೊಳ್ಳಬೇಕು.