ದಿನಕ್ಕೊಂದು ಜಾಗ ಬದಲಿಸುವ ಕೋಳಿಗೂಡು

ತಾಯಿಕೋಳಿಯನ್ನೂ ಮರಿಗಳನ್ನೂ ಅಂಗಳದಲ್ಲಿ ಬಿಟ್ಟು, ಮೇಲೆ ಬಿದಿರಿನ ಬುಟ್ಟಿ ಕವುಚುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಹದ್ದು, ಕಾಗೆಯ ಕಾಟ ತಪ್ಪುತ್ತದೆ, ಗಾಳಿಯಾಡುತ್ತದೆ, ಮರಿಗಳಿಗೆ ಕೆದಕಲು ಮಣ್ಣೂ ಸಿಗುತ್ತದೆ. ಅದನ್ನೇ ದೊಡ್ಡದು ಮಾಡಿ, ಸೂರು ಹೊದಿಸಿ, ಚಕ್ರ ಕಟ್ಟಿದರೆ ತಳವಿಲ್ಲದ ಚಲಿಸುವ ಗೂಡು. ಅಮೆರಿಕದ ವರ್ಜೀನಿಯಾದ ರೈತ ಜೋಯೆಲ್ ಸಲಾಟಿನ್ 12 ಅಡಿ ಉದ್ದ, 10 ಅಡಿ ಅಗಲದ ಇಂಥ ಗೂಡುಗಳಲ್ಲಿ ಮಾಂಸದ ಕೋಳಿ ಸಾಕಿ, ಪ್ರತಿದಿನ ಹೊಸ ಹುಲ್ಲಿಗೆ ಎಳೆದು ಹೆಸರಾದರು. ಹಿತ್ತಲಿನ ನಾಲ್ಕು ನಾಟಿ ಕೋಳಿಗೆ 8 ಅಡಿ ಉದ್ದ, 4 ಅಡಿ ಅಗಲ ಸಾಕು.

ಎಳೆಯುವ ಶ್ರಮ ಯಾಕೆ? ಮರಿಗಳನ್ನು ಕೊಲ್ಲುವ ರಕ್ತಭೇದಿ ರೋಗಕ್ಕೆ ಐಮೀರಿಯ ಎಂಬ ಏಕಕೋಶ ಪರಾವಲಂಬಿ ಕಾರಣ. ರೋಗ ತಗುಲಿದ ಕೋಳಿಯ ಹಿಕ್ಕೆಯಲ್ಲಿ ಅದರ ಗಟ್ಟಿ ಹೊದಿಕೆಯ ಕೋಶಗಳು ಹೊರಬೀಳುತ್ತವೆ. ಆಗಷ್ಟೇ ಬಿದ್ದ ಕೋಶಕ್ಕೆ ರೋಗ ಹರಡುವ ಶಕ್ತಿ ಇರುವುದಿಲ್ಲ. ತೇವ, ಬಿಸುಪು, ಗಾಳಿ ಸಿಕ್ಕಿದರೆ ಒಂದೆರಡು ದಿನದಲ್ಲಿ ಅದು ಬಲಿಯುತ್ತದೆ. ಆಮೇಲೆ ಅದೇ ನೆಲವನ್ನು ಕುಕ್ಕಿದ ಕೋಳಿಯ ಹೊಟ್ಟೆ ಸೇರುತ್ತದೆ. ಪ್ರತಿದಿನ ಬೆಳಿಗ್ಗೆ ಗೂಡು ಮುಂದೆ ಸರಿದರೆ ನಿನ್ನೆಯ ಹಿಕ್ಕೆ ಬಲಿಯುವ ಹೊತ್ತಿಗೆ ಕೋಳಿ ಅಲ್ಲಿರುವುದಿಲ್ಲ. ರೋಗ ಪೂರ್ತಿ ನಿಲ್ಲದಿದ್ದರೂ ಅದರ ಹೊರೆ ಇಳಿಯುತ್ತದೆ. ಗೂಡು ಹಿಡಿಯುವುದು 32 ಚದರ ಅಡಿ, ಒಂದು ಗುಂಟೆ ಎಂದರೆ 1089 ಚದರ ಅಡಿ. ಅಂದರೆ ಒಂದು ಗುಂಟೆ ಜಾಗದಲ್ಲಿ ತಿಂಗಳಿಡೀ ದಿನಕ್ಕೊಂದು ಹೊಸ ನೆಲ ಸಿಗುತ್ತದೆ. ನೆರಳಿನ ಹಸಿ ಮಣ್ಣಿನಲ್ಲಿ ಈ ಕೋಶಗಳು ತಿಂಗಳುಗಟ್ಟಲೆ ಉಳಿಯಬಲ್ಲವು. ಹಾಗಾಗಿ ಬಿಸಿಲು ಬೀಳುವ ಜಾಗವನ್ನೇ ಆರಿಸಿಕೊಳ್ಳಿ.

ಚಕ್ರ ಎಲ್ಲಿರಬೇಕು ಎಂಬುದರಲ್ಲೇ ಗೂಡಿನ ಜಾಣತನ ಇದೆ. ಹಳೆಯ ಸೈಕಲ್ಲಿನ ಎರಡು ಚಕ್ರಗಳನ್ನು ಹಿಂದಿನ ಅಡ್ಡಪಟ್ಟಿಯಿಂದ ಸ್ವಲ್ಪ ಹೊರಗೆ, ನೆಲಕ್ಕೆ ತಾಗಿಯೂ ತಾಗದಂತೆ ಕೂರಿಸಬೇಕು. ಮುಂದಿನ ಹಿಡಿಕೆ ಎತ್ತಿದಾಗ ಭಾರ ಚಕ್ರದ ಮೇಲೆ ಬಿದ್ದು ಹಿಂದಿನ ಪಟ್ಟಿಯೂ ಮೇಲೇಳುತ್ತದೆ. ಇಳಿಸಿದರೆ ಚೌಕಟ್ಟು ನೆಲಕ್ಕೆ ಕೂರುತ್ತದೆ, ಸಂದು ಉಳಿಯುವುದಿಲ್ಲ. ಮಣ್ಣು ಹೊರುವ ಕೈಗಾಡಿಯ ಹಾಗೆ ಇದೂ ಒಂದು ಸನ್ನೆ. ಭಾರ ಚಕ್ರಕ್ಕೆ ಹತ್ತಿರವಾದಷ್ಟೂ ಕೈಗೆ ಹಗುರ. ಆದ್ದರಿಂದ ತಗಡು, ಕೂರುವ ಕೋಲು, ಮೊಟ್ಟೆ ಪೆಟ್ಟಿಗೆ ಎಲ್ಲ ಚಕ್ರದ ಕಡೆಗೇ ಇರಲಿ. ಎಳೆಯುವಾಗ ಮಾತ್ರ ನಿಧಾನ, ಕೋಳಿಯ ಕಾಲು ಪಟ್ಟಿಯಡಿ ಸಿಕ್ಕಬಾರದು.

ಕೋಳಿಗೆ ಬೆವರಿನ ಗ್ರಂಥಿ ಇಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಸೆಕೆಗೆ ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ತೇಕುತ್ತದೆ. ಹೀಗೆ ತೇಕಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗುವುದಕ್ಕೆ ಇದೂ ಒಂದು ಕಾರಣ. ಬರಿ ತಗಡು ಬಿಸಿಲಿಗೆ ಕಾದು ಒಳಗೆ ಬೆಂಕಿಯಾಗುತ್ತದೆ. ಅದರ ಮೇಲೆ ತೆಂಗಿನ ಗರಿಯೋ ಅಡಿಕೆ ಸೋಗೆಯೋ ಹೊದಿಸಿದರೆ ಬಹಳ ವ್ಯತ್ಯಾಸ. ಗೂಡಿನ ಅರ್ಧ ಭಾಗಕ್ಕೆ ಸೂರು ಸಾಕು, ಉಳಿದರ್ಧ ಜಾಲರಿ. ಮುಂಗಾರಿನ ಗಾಳಿಮಳೆ ನೈಋತ್ಯದಿಂದ ಬರುತ್ತದೆ, ಮುಚ್ಚಿದ ಬದಿ ಆ ಕಡೆಗಿರಲಿ. ಮಳೆ ಒಳಗೆ ಬಡಿದರೆ ಹಿಕ್ಕೆ ನೆನೆಯುತ್ತದೆ; ಹಸಿ ಹಿಕ್ಕೆಯಿಂದ ಏಳುವ ಅಮೋನಿಯಾ ಕೋಳಿಯ ಕಣ್ಣು, ಶ್ವಾಸಕೋಶ ಎರಡನ್ನೂ ಕೆಡಿಸುತ್ತದೆ.

ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ದುಬಾರಿಯಾದರೂ ಅದನ್ನೇ ಹಾಕಿ, ಮುಂಗುಸಿಯೂ ನುಸುಳದು. ಕತ್ತಲಾಗುವ ಮುನ್ನ ಕೋಳಿಗಳನ್ನು ಬೇರೊಂದು ಗಟ್ಟಿಯಾದ ಗೂಡಿಗೆ ಸೇರಿಸಿ.

ಜಾಗ ಬದಲಿಸಿದರೂ ತಡೆಯಲಾಗದ ರೋಗವೂ ಒಂದಿದೆ. ಕೊಕ್ಕರೆ ರೋಗದ ವೈರಸ್ ಬೇರೆ ಕೋಳಿಗಳಿಂದ, ಚಪ್ಪಲಿ-ಬುಟ್ಟಿಗಳಿಂದ ಬಂದುಬಿಡುತ್ತದೆ, ಬಂದರೆ ಹಿತ್ತಲನ್ನೇ ಬರಿದು ಮಾಡುತ್ತದೆ. ಗೂಡು ಕಟ್ಟುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ವಿಚಾರಿಸಿಕೊಳ್ಳಿ.